ಕಾಸರಕೋಡಿನ ಅಲೆಯಲ್ಲಿ ‘ಕಾಣೆ’ಯಾಗಲಿದ್ದ ನಮ್ಮ ಹೀರೋ!

“ಏಯ್! ಅಲ್ಲಿ ಇಳಿಬೇಡ ಮಾರಾಯ! ಅದು ಮೀನಿನ ದಾರಿ, ಮನುಷ್ಯರ ದಾರಿ ಅಲ್ಲ!”

ಹೀಗೆ ಗಂಟಲು ಹರಿಯುವಂತೆ ಕೂಗಿದ್ದು ಯಾವ ಚಿತ್ರದ ಪಾತ್ರವೂ ಅಲ್ಲ ಸ್ವಾಮೀ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಕೈಯಲ್ಲಿ ಗಾಳದ ಕೋಲು ಹಿಡಿದು ಮರಳಿನ ಮೇಲೆ ನಿಂತಿದ್ದ ಐವತ್ತರ ಒಬ್ಬ ಮನುಷ್ಯ. ಸ್ಥಳ: ಹೊನ್ನಾವರ ತಾಲ್ಲೂಕಿನ ಕಾಸರಕೋಡು. ಸಮಯ: ಸಂಜೆ, ಸೂರ್ಯ ಇನ್ನೇನು ಮುಳುಗಬೇಕು. ಕ್ಯಾಮೆರಾ ಹಿಡಿದವನು: ಈ ಬರಹ ಬರೆಯುತ್ತಿರುವ ನಾನು!

ಸಿನಿಮಾ ಪತ್ರಿಕೆಯಲ್ಲಿ ಮೀನಿನ ಕಥೆ ಯಾಕಪ್ಪಾ ಅಂತ ಪುಟ ತಿರುವಬೇಡಿ. ಇದರಲ್ಲಿ ಸಿನಿಮಾನೂ ಇದೆ, ಹೀರೋನೂ ಇದ್ದಾನೆ. ಹೀರೋ ಸ್ವಲ್ಪದರಲ್ಲಿ ಉಳಿದುಕೊಂಡ, ಅಷ್ಟೆ.

ನಾಲ್ಕು ಊರಿನ ನಾಲ್ವರು

ನಾವು ನಾಲ್ಕು ಜನ. ಜಮಖಂಡಿಯವನೊಬ್ಬ, ಮುಧೋಳದವನೊಬ್ಬ, ಬೀಳಗಿಯವನೊಬ್ಬ, ಬನಹಟ್ಟಿಯವನು ನಾನು. ಪಿಯುಸಿಯಲ್ಲಿ ಒಂದೇ ಬೆಂಚು. ಮೂವರು ಪಾಸಾದರು, ನಾನು ಅರ್ಧಕ್ಕೇ ಬಿಟ್ಟು ಮಗ್ಗದ ಸದ್ದಿನ ನಡುವೆ ಪತ್ರಿಕೆಗಳಿಗೆ ಬರೆಯಲು ಕೂತೆ. ಆದರೂ ದೋಸ್ತಿ ಕೆಟ್ಟಿಲ್ಲ. ಅದಕ್ಕೆ ಕಾರಣ ಸಿನಿಮಾ.

ನಮ್ಮೊಳಗೆ ಯಾವಾಗಲೂ ಒಂದೇ ಜಗಳ: ಚಿತ್ರರಂಗದ ಜೊತೆ ಯಾರ ಊರಿನ ನಂಟು ದೊಡ್ಡದು? ಬೀಳಗಿಯವನು ಎದೆ ತಟ್ಟಿ ಹೇಳುತ್ತಾನೆ, “ಅಮೀರ್‌ಬಾಯಿ ಕರ್ನಾಟಕಿ ನಮ್ಮ ಊರಾಕಿ ಲೇ! 1943ರ ‘ಕಿಸ್ಮತ್’ ಚಿತ್ರದಾಗ ಹಾಡಿ ಇಡೀ ಹಿಂದೂಸ್ತಾನಾನ ಹುಚ್ಚು ಹಿಡಿಸಿದಾಕಿ!” ಮಾತು ನಿಜವೇ. ಬೀಳಗಿಯಲ್ಲಿ ಹುಟ್ಟಿ ಮುಂಬಯಿ ಸೇರಿ, ಹೆಸರಿನಲ್ಲೇ ‘ಕರ್ನಾಟಕಿ’ ಅಂತ ಇಟ್ಟುಕೊಂಡು ಬೆಳಗಿದ ಆ ತಾಯಿ 1965ರಲ್ಲಿ ತೀರಿಕೊಂಡರು.

ಮುಧೋಳದವನ ಹತ್ತಿರ ಇರುವುದು ದುಃಖದ ನಂಟು. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಅಪಘಾತದಲ್ಲಿ ಹೋದರಲ್ಲ, ಅವತ್ತು ಅವರು ಹೊರಟಿದ್ದು ಎಲ್ಲಿಗೆ ಗೊತ್ತೇ? ಮುಧೋಳ ತಾಲ್ಲೂಕಿನ ಲೋಕಾಪುರಕ್ಕೆ! ‘ಜೋಕುಮಾರಸ್ವಾಮಿ’ ಚಿತ್ರದ ಶೂಟಿಂಗಿಗೆ. “ನಮ್ಮ ತಾಲ್ಲೂಕಿಗೆ ಬರಬೇಕಾದಾವ ಬರಲೇ ಇಲ್ಲ” ಅಂತ ಅವನು ಈಗಲೂ ಮುಖ ಸಣ್ಣ ಮಾಡುತ್ತಾನೆ. ಶಂಕರಣ್ಣ ಹೋದಾಗ ನಾವು ನಾಲ್ವರೂ ಹುಟ್ಟೇ ಇರಲಿಲ್ಲ. ಆದರೇನು? ‘ಆಟೋ ರಾಜ’ ಬಂದದ್ದು 1980ರಲ್ಲಿ. ಇವತ್ತಿಗೂ ನಮ್ಮ ಬಸ್ ಸ್ಟ್ಯಾಂಡಿನ ಆಟೋಗಳ ಹಿಂದೆ ಅವರ ಚಿತ್ರ ಇದೆ.

“ಅವರು ನಮ್ಮ ಊರಿಗೆ ಬರಲಿಲ್ಲ. ನಾವಾದರೂ ಅವರ ಊರ ಕಡೆ ಹೋಗೋಣ” ಅಂದವನು ಅವನೇ. ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಸೀಮೆಯಲ್ಲಿ. ಹೋದ ನವೆಂಬರಿನಲ್ಲಿ ಹುಟ್ಟುಹಬ್ಬದ ಲೆಕ್ಕ ಹಿಡಿದು ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದೆವು. ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕುಮಟಾ... ಬೆಳಗಾಗುವಷ್ಟರಲ್ಲಿ ಹೊನ್ನಾವರ. ಶರಾವತಿಯ ಅಗಲ ನೋಡಿಯೇ ಬಾಯಿ ತೆರೆದೆವು. ಅಲ್ಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ! ನಮ್ಮ ಕೃಷ್ಣಾ ಹೊಳಿ ನೋಡಿ ಬೆಳೆದವರಿಗೂ ಅದು ದೊಡ್ಡದೇ.

ಹೊಳೆ ದಾಟಿದರೆ ಆ ದಂಡೆಯಲ್ಲಿ ಕಾಸರಕೋಡು. ಅಲ್ಲಿನ ಬೀಚಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತು. ಕಾವಲು, ಗುರುತು, ಸೀಟಿ ಊದುವವರು ಎಲ್ಲ ಇರುವ ಜಾಗ. ನಾವು ಮಾಡಿದ ತಪ್ಪು ಒಂದೇ. ಅಲ್ಲಿ ಜನ ಜಾಸ್ತಿ, ವಿಡಿಯೋದಾಗ ಅಡ್ಡ ಬರ್ತಾರ ಅಂತ ಮರಳಿನಗುಂಟ ದೂರ ನಡೆದುಬಿಟ್ಟೆವು. ಜನ ಇಲ್ಲದ ಕಡೆ, ಸೀಟಿ ಇಲ್ಲದ ಕಡೆ.

‘ಕಾಣೆ’ ಅಂದ್ರ ಏನ್ರಿ?

ಅಲ್ಲಿ ಸಿಕ್ಕವರೇ ಈ ಗಾಳದಣ್ಣ. ಹತ್ತು ಹನ್ನೆರಡು ಅಡಿಯ ಫೈಬರ್ ಕೋಲು, ಅದಕ್ಕೊಂದು ಸುತ್ತುಗಾಲಿ, ಮರಳಿಗೆ ನೆಟ್ಟ ಪೈಪಿನ ತುಂಡು, ಪಕ್ಕದಲ್ಲಿ ಹಳೇ ಬಣ್ಣದ ಡಬ್ಬ. ಡಬ್ಬದಲ್ಲಿ ಸೀಗಡಿ. “ಏನ್ ಹಿಡ್ಯಾಕತ್ತೀರಿ ಅಣ್ಣಾರ?” ಅಂದೆ.

“ಕಾಣೆ.”

ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಕಾಣೆ ಅಂದರೆ ಕಳೆದುಹೋದದ್ದು. ಪೊಲೀಸ್ ಠಾಣೆಯ ಗೋಡೆಗೆ ಫೋಟೋ ಅಂಟಿಸಿರುತ್ತಾರಲ್ಲ, ಅದು. ಅಣ್ಣ ನಕ್ಕು ಡಬ್ಬದ ಪಕ್ಕದ ಚೀಲ ಬಿಚ್ಚಿ ತೋರಿಸಿದರು. ಗೇಣುದ್ದದ, ಬೆಳ್ಳಿ ಬಣ್ಣದ, ಚೂಪು ಮೂತಿಯ ಮೀನು. ಕರಾವಳಿಯ ಹೋಟೆಲುಗಳಲ್ಲಿ ‘ಲೇಡಿ ಫಿಶ್’ ಅಂತ ಬರೆದು ದುಬಾರಿ ಬಿಲ್ ಹಾಕುವುದು ಇದಕ್ಕೇ. “ಲೇಡಿ ಫಿಶ್” ಅಂದಿದ್ದೇ ತಡ, ಜಮಖಂಡಿಯವನು ಕೂದಲು ಸರಿಮಾಡಿಕೊಂಡ!

ಈ ಕಾಣೆ ನಾಚಿಕೆಯ ಮೀನು. ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಬಾಯಿ ಸಣ್ಣದು, ಹಾಗಾಗಿ ಗಾಳವೂ ಸಣ್ಣದೇ ಬೇಕು. ತಿನ್ನುವುದು ಮರಳಿನ ಹುಳ, ಮರಿ ಸೀಗಡಿ, ಪುಟ್ಟ ಏಡಿ. ಅದು ದಂಡೆಯ ಹತ್ತಿರ, ಅಲೆ ಒಡೆಯುವ ಜಾಗಕ್ಕೇ ಬರುವುದೂ ಅದಕ್ಕಾಗಿಯೇ. ಅಲೆ ಮರಳನ್ನು ಕದಡುತ್ತದೆ, ಅಡಗಿದ್ದ ಹುಳ ಮೇಲೆ ಬರುತ್ತದೆ. ಮೀನಿಗೆ ಊಟ ರೆಡಿ.

ನಾವೂ ಗಾಳ ಹಾಕಿದವರೇ. ಕೃಷ್ಣೆಯ ದಂಡೆಯಲ್ಲಿ ಬಿದಿರಿನ ಕೋಲು, ಬೆಂಡು, ಎರೆಹುಳ, ಇಲ್ಲವೇ ಹಿಟ್ಟಿನ ಉಂಡೆ. ಬೆಂಡು ಮುಳುಗಿದರೆ ಎಳೆ, ಸಿಕ್ಕರೆ ಕಟ್ಲಾ, ರೋಹು. ಆ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಅಲೆಯಲ್ಲಿ ಬೆಂಡು ಕುಣಿಯುತ್ತಲೇ ಇರುತ್ತದೆ, ಮೀನು ಕಚ್ಚಿತೋ ಅಲೆ ಕಚ್ಚಿತೋ ಯಾರಿಗೆ ಗೊತ್ತು? ಹಾಗಾಗಿ ಇಲ್ಲಿ ದಾರದ ತುದಿಗೆ ಸೀಸದ ಗುಂಡು. ಅದು ಮರಳಿಗೆ ಕಚ್ಚಿ ಕೂರುತ್ತದೆ. ಗುಂಡಿನ ಒಂದಡಿ ಮೇಲೆ ಅಡ್ಡ ಕಟ್ಟಿದ ಸಣ್ಣ ದಾರದಲ್ಲಿ ಗಾಳ. ಸಿಪ್ಪೆ ಬಿಡಿಸಿದ ಸೀಗಡಿಯನ್ನು ಗಾಳದ ಬೆನ್ನಿಗುಂಟ ಪೋಣಿಸಬೇಕು. ಹಳಸಿ ಮೆತ್ತಗಾದ ಸೀಗಡಿ ಆಗದು, ಬೀಸಿದ ರಭಸಕ್ಕೆ ಗಾಳಿಯಲ್ಲೇ ಕಳಚಿ ಬೀಳುತ್ತದೆ.

ಎಸೆದ ಮೇಲೆ ದಾರ ಬಿಗಿಯಾಗಿಟ್ಟು ಬೆರಳಿನ ಮೇಲೆ ಹಾಯಿಸಿಕೊಂಡು ನಿಲ್ಲಬೇಕು. “ಅಲೆ ಎಳೆದ್ರೆ ನಿಧಾನ ಎಳೀತದೆ, ಬಿಡ್ತದೆ, ಉಸಿರಾಡಿದ ಹಾಗೆ. ಕಾಣೆ ಹಾಗಲ್ಲ. ಟಿಕ್ ಟಿಕ್ ಅಂತ ಬಾಗಿಲು ತಟ್ಟತದೆ” ಅಂದರು ಅಣ್ಣ. ನನ್ನ ಬೆರಳಿನ ಮೇಲೂ ದಾರ ಇಟ್ಟರು. ಇಪ್ಪತ್ತು ನಿಮಿಷ ನಿಂತೆ. ನನಗೆ ಎಲ್ಲವೂ ಟಿಕ್ ಟಿಕ್ ಅಂತಲೇ ಅನ್ನಿಸಿತು!

ಹೊತ್ತು ನೋಡಬೇಕು ಅನ್ನುವುದು ಇನ್ನೊಂದು ಪಾಠ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗಿಲ್ಲ, ದಿನಾ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಮಳೆಗಾಲದಲ್ಲಂತೂ ಸಮುದ್ರ ಕೆರಳಿರುತ್ತದೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೂ ರಜೆ.

“ಎಸೆಯೋ ಜಾಗ ಹ್ಯಾಂಗ ಗೊತ್ತಾಗ್ತದ?” ಅಂತ ಕೇಳಿದೆ. ಅಣ್ಣ ಬೆರಳು ಮಾಡಿ ತೋರಿಸಿದರು. “ಅಲ್ನೋಡು. ಆಚೆ ಅಲೆ ಒಡೀತದೆ, ಈಚೆ ಒಡೀತದೆ. ನಡುವೆ ಒಂದು ಪಟ್ಟಿ ಒಡೆಯೂದೇ ಇಲ್ಲ. ನೀರು ಕಪ್ಪು. ಅಲ್ಲಿ ಆಳ. ಮೇವು ಹರಿದು ಹೋಗ್ತದೆ. ಮೀನು ಅಲ್ಲೇ ಕಾಯ್ತದೆ.”

ನಾನು ತಲೆಯಾಡಿಸಿದೆ. ಬಾಲ್‌ಪೆನ್ನಿನಲ್ಲಿ ಬರೆದೂ ಕೊಂಡೆ. ಬರೆದುಕೊಂಡರೆ ಅರ್ಥವಾದಂತೆ ಅಲ್ಲ ಅಂತ ಗೊತ್ತಾಗಿದ್ದು ಅರ್ಧ ಗಂಟೆಯ ನಂತರ.

ನಲವತ್ತೊಂದು ಸೆಕೆಂಡ್

ಮುಧೋಳದವನಿಗೆ ಶಂಕರಣ್ಣನ ಹಾಡೊಂದಕ್ಕೆ ಅಲೆಯ ನಡುವೆ ನಿಂತು ರೀಲ್ ಮಾಡಬೇಕು. ನಾಯಕ ತಿರುಗಿ ನೋಡುವ ಸ್ಟೈಲು, ಮುಷ್ಟಿ ಬಿಗಿಯುವ ಸ್ಟೈಲು, ಎಲ್ಲ ಬಸ್ಸಿನಲ್ಲೇ ಪ್ರಾಕ್ಟೀಸ್ ಆಗಿತ್ತು. ಅಲೆ ಒಡೆಯುವ ಕಡೆ ನಿಂತರೆ ಬೀಳಿಸುತ್ತದೆ. ಅದಕ್ಕೇ ಶಾಂತವಾದ ಜಾಗ ಹುಡುಕಿದ. ಸಿಕ್ಕಿತು. ಅಲೆಯೇ ಇಲ್ಲದ, ಕಪ್ಪು ನೀರಿನ ಪಟ್ಟಿ!

“ಇಲ್ಲಿ ಬರೋಬರಿ ಐತಿ ನೋಡ್ಲೇ, ನಮ್ಮ ಘಟಪ್ರಭಾ ಇದ್ದಾಂಗ ಐತಿ! ಚಾಲೂ ಮಾಡು!” ಅಂದ. ಮಾಡಿದೆ.

ಮೊಣಕಾಲು ನೀರು. ಸೊಂಟ. ತಿರುಗಿ ನೋಡಿದ, ಸ್ಟೈಲ್ ಹೊಡೆದ. ಆಗಲೇ ಅಣ್ಣ ಕೂಗಿದ್ದು, ಈ ಬರಹದ ಮೊದಲ ಸಾಲು. ಮುಂದಿನ ಕ್ಷಣ ನೀರು ಅವನ ಎದೆಗೆ ಬಂತು. ಅವನು ಮುಂದೆ ಹೆಜ್ಜೆ ಇಟ್ಟಿರಲಿಲ್ಲ. ಕಾಲ ಕೆಳಗಿನ ಮರಳೇ ಹೋಗಿತ್ತು. ಕೈ ಎತ್ತಿದ. ಬಾಯಿ ತೆರೆದ. ನಾನು... ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಶೂಟ್ ಮಾಡುತ್ತಲೇ ಇದ್ದೆ. ಮಗ ಆ್ಯಕ್ಟಿಂಗ್ ಚಲೋ ಮಾಡಾಕತ್ತಾನ ಅಂದುಕೊಂಡೆ. ಜೋರಾಗಿ ನಕ್ಕೂಬಿಟ್ಟೆ. ಆ ನಗು ವಿಡಿಯೋದಲ್ಲಿದೆ. ವಿಡಿಯೋ 41 ಸೆಕೆಂಡ್ ಇದೆ. ಕೊನೆಯ ಹನ್ನೊಂದು ಸೆಕೆಂಡಿನಲ್ಲಿ ಅವನ ತಲೆ ಮಾತ್ರ ಕಾಣುತ್ತದೆ.

ನಮ್ಮವನು ಈಜು ಬರದವನಲ್ಲ. ಹೊಳೆಯಲ್ಲಿ ಬೆಳೆದವನು. ಅದೇ ಮುಳುವಾಯಿತು. ದಂಡೆಗೆ ನೇರ ಮುಖ ಮಾಡಿ ಬಲ ಹಾಕಿ ಈಜಿದ. ಈಜಿದಷ್ಟೂ ಹಿಂದಕ್ಕೇ ಹೋಗುತ್ತಿದ್ದ. ಜಮಖಂಡಿಯವನು ಅಂಗಿ ಕಿತ್ತು ಎಸೆದು ನೀರಿಗೆ ಓಡಿದ. ಅಣ್ಣ ಅವನ ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿದರು. “ಒಬ್ಬ ಹೋದದ್ದು ಸಾಲದಾ?” ಅಂದರು. ಆಮೇಲೆ ದಂಡೆಯಲ್ಲಿ ಉತ್ತರಕ್ಕೆ ಓಡುತ್ತಾ, ಕೈಯನ್ನು ಅಡ್ಡಕ್ಕೆ ಬೀಸಿ ಬೀಸಿ ತೋರಿಸಿ ಕೂಗತೊಡಗಿದರು. “ಈಚೆ ಬರ್ಬೇಡ! ಅಡ್ಡ ಹೋಗು! ಅಡ್ಡ! ಮೈ ಬಿಡು, ತೇಲು! ಅಡ್ಡ ಹೋಗು!”

ಕೇಳಿಸಿತೋ, ಬೀಸಿದ ಕೈ ಕಾಣಿಸಿತೋ, ಸುಸ್ತಾಗಿ ಮೈ ಬಿಟ್ಟನೋ, ಇವತ್ತಿಗೂ ಅವನಿಗೇ ನೆನಪಿಲ್ಲ. ಅಂಗಾತ ತೇಲಿದ. ಸ್ವಲ್ಪ ಹೊತ್ತಿನ ಮೇಲೆ ದಂಡೆಗೆ ಸಮನಾಗಿ ಕೈ ಬಡಿಯತೊಡಗಿದ. ಬಿಳಿ ನೊರೆಯ ಅಲೆಗಳ ಸಾಲು ಸಿಕ್ಕಿತು. ಆ ಅಲೆಗಳೇ ಅವನನ್ನು ಎತ್ತಿ, ಹೊರಳಿಸಿ, ಮೂಗಿಗೆ ಬಾಯಿಗೆ ಉಪ್ಪುನೀರು ತುಂಬಿ, ನೂರೈವತ್ತು ಹೆಜ್ಜೆ ಆಚೆ ಮರಳಿನ ಮೇಲೆ ಒಗೆದವು. ಮೊಣಕಾಲಿನ ಮೇಲೆ ಕೂತು ವಾಂತಿ ಮಾಡಿಕೊಂಡ. “ಅವ್ವಾ” ಅಂದ. ಹೀರೋ ಡೈಲಾಗ್ ಅಷ್ಟೇ.

ಅಷ್ಟರಲ್ಲಿ ಬೀಳಗಿಯವನು ಕೋಲಿನ ಕಡೆ ಬೆರಳು ಮಾಡಿದ. ಕೋಲು ಬಿಲ್ಲಿನಂತೆ ಬಾಗಿ ಪೈಪಿನಿಂದ ಕಿತ್ತು ಬಿದ್ದಿತ್ತು. ಯಾವುದೋ ದೊಡ್ಡ ಮೀನು! ಅಣ್ಣ ಹೋಗಿ ಎತ್ತುವಷ್ಟರಲ್ಲಿ ದಾರ ಸಡಿಲ. ಸುತ್ತಿ ನೋಡಿದರೆ ಗಾಳವೂ ಇಲ್ಲ, ಸೀಸವೂ ಇಲ್ಲ. ನಾವು ದುಡ್ಡು ತೆಗೆದೆವು. ಸಿನಿಮಾದಲ್ಲಾಗಿದ್ದರೆ ‘ಮನುಷ್ಯತ್ವಕ್ಕೆ ಬೆಲೆ ಕಟ್ಟಬೇಡಿ’ ಅನ್ನುತ್ತಿದ್ದರು. ಅಣ್ಣ ಹಾಗೇನೂ ಅನ್ನಲಿಲ್ಲ. “ಗಾಳ, ಸೀಸ ಸೇರಿ ಅರವತ್ತು ರೂಪಾಯಿ” ಅಂದರು. ಎಣಿಸಿ ಅರವತ್ತೇ ತೆಗೆದುಕೊಂಡರು. ಹೊಸ ಗಾಳ ಕಟ್ಟಿ, ಹೊಸ ಸೀಗಡಿ ಪೋಣಿಸಿ, ಮತ್ತೆ ಅದೇ ಕಪ್ಪು ಪಟ್ಟಿಗೆ ಎಸೆದರು.

ಸಮುದ್ರದ ಹಿತ್ತಿಲ ಬಾಗಿಲು

ಅರ್ಧಕ್ಕೆ ಬಿಟ್ಟ ಪಿಯುಸಿ ಫಿಜಿಕ್ಸನ್ನು ಊರಿಗೆ ಬಂದು ಓದಿದೆ. ನಿಮಗೂ ಹೇಳುತ್ತೇನೆ, ಸಿಂಪಲ್ ಇದೆ.

ದಂಡೆಯಿಂದ ಸ್ವಲ್ಪ ಆಚೆ ನೀರಿನೊಳಗೆ ಮರಳಿನ ದಿಬ್ಬ ಇರುತ್ತದೆ. ಅಲೆ ದಿಬ್ಬಕ್ಕೆ ಬಡಿದು ಒಡೆದು, ನೀರನ್ನು ದಂಡೆಯ ಕಡೆ ತುಂಬುತ್ತಲೇ ಇರುತ್ತದೆ. ತುಂಬಿದ ನೀರು ವಾಪಸು ಹೋಗಬೇಕಲ್ಲ? ದಿಬ್ಬ ಕಡಿದುಹೋದ ಕಡೆ ಬಾಗಿಲು ಮಾಡಿಕೊಂಡು ಒಂದೇ ಕಡೆ ನುಗ್ಗುತ್ತದೆ. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ. ನೋಡುವವರಿಗೆ ಅದೇ ಶಾಂತ ಜಾಗ! ಸಾಮಾನ್ಯ ದಿನ ಈ ಸೆಳೆತ ಸೆಕೆಂಡಿಗೆ ಒಂದೆರಡು ಅಡಿ. ಜೋರಾದಾಗ ಎಂಟು ಅಡಿಯವರೆಗೂ ಹೋಗುತ್ತದೆ. ಒಲಿಂಪಿಕ್ ಈಜುಗಾರನೂ ಅದರ ಎದುರು ನಿಲ್ಲಲಾರ. ಇಳಿತದ ಹೊತ್ತಿಗೆ ಇದರ ಬಲ ಸಾಮಾನ್ಯವಾಗಿ ಹೆಚ್ಚು. ಮತ್ತೊಂದು ಮಾತು: ಇದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಕೊಲ್ಲುವುದು ನಮ್ಮ ಗಾಬರಿ, ನಮ್ಮ ಸುಸ್ತು.

ಮೀನು ಹಿಡಿಯುವವನು ಹುಡುಕಿ ಹುಡುಕಿ ಗಾಳ ಎಸೆಯುವುದೂ, ಘಟ್ಟದ ಮೇಲಿಂದ ಬಂದ ನಾವು ಹುಡುಕಿ ಹುಡುಕಿ ಇಳಿಯುವುದೂ ಒಂದೇ ಜಾಗಕ್ಕೆ! ಅವನಿಗೆ ಅದು ಆಳ ಅಂತ ಗೊತ್ತು. ನಮಗೆ ಗೊತ್ತಿಲ್ಲ.

2024ರ ಡಿಸೆಂಬರ್ 10ರಂದು ಪಕ್ಕದ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಸಮುದ್ರದಲ್ಲಿ ತೀರಿಕೊಂಡರು. ಅವರೂ ನಮ್ಮ ಹಾಗೇ ಸಮುದ್ರವಿಲ್ಲದ ಜಿಲ್ಲೆಯವರು. ಪತ್ರಿಕೆಯಲ್ಲಿ ಓದಿ “ಅಯ್ಯೋ ಪಾಪ” ಅಂದು ಮರೆತಿದ್ದೆ. ಈಗ ಮರೆಯಲಾರೆ.

ತೆರೆಯ ಮೇಲಿನ ಸಮುದ್ರ

ಸಿನಿಮಾದಲ್ಲಿ ಸಮುದ್ರ ನಮ್ಮ ಮಾತು ಕೇಳುತ್ತದೆ. ಹಾಡಿಗೆ ಅಲೆ ಬರುತ್ತದೆ, ಕಟ್ ಅಂದರೆ ನಿಲ್ಲುತ್ತದೆ. ಸಮುದ್ರ ಮಾತು ಕೇಳದ ಚಿತ್ರ ನೋಡಬೇಕೆಂದರೆ ತಗಳಿಯವರ ಕಾದಂಬರಿ ಆಧರಿಸಿ ರಾಮು ಕಾರ್ಯಾಟ್ ನಿರ್ದೇಶಿಸಿದ ಮಲಯಾಳಂನ ‘ಚೆಮ್ಮೀನ್’ ನೋಡಿ. ನಮ್ಮ ಅಮೀರ್‌ಬಾಯಿ ತೀರಿಕೊಂಡ 1965ರಲ್ಲೇ ಬಂದ ಚಿತ್ರ, ರಾಷ್ಟ್ರಪತಿಗಳ ಸ್ವರ್ಣಪದಕ ಗೆದ್ದದ್ದು. ಅದರ ಕೊನೆಯೂ ಗಾಳದ ಮೇಲೇ ನಿಂತಿದೆ! ರಾತ್ರಿ ಒಬ್ಬನೇ ಕಡಲಿಗಿಳಿದ ಪಳನಿಯ ಗಾಳಕ್ಕೆ ಶಾರ್ಕ್ ಸಿಕ್ಕಿಬೀಳುತ್ತದೆ. ಆಮೇಲೆ ಯಾರು ಯಾರನ್ನು ಎಳೆಯುತ್ತಾರೆ ಅನ್ನುವುದೇ ಕಥೆ.

ಕ್ಯಾಮೆರಾ ಇದೆ ಅಂದಮಾತ್ರಕ್ಕೆ ನೀರು ಕರುಣೆ ತೋರುವುದಿಲ್ಲ ಅನ್ನುವುದಕ್ಕೆ ನಮ್ಮ ಗಾಂಧಿನಗರದಲ್ಲೇ ಸಾಕ್ಷಿ ಇದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಮೈಕಟ್ಟು ನೋಡಿದರೆ ಕಲ್ಲಿನಂಥ ಕಲಾವಿದರು. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಅವತ್ತೂ ಕ್ಯಾಮೆರಾ ಓಡುತ್ತಿತ್ತು. ನನ್ನ ಮೊಬೈಲಿನ ಹಾಗೆ.

ಹೋಗುವವರಿಗೆ ನಾಲ್ಕು ಮಾತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗೆಳೆಯರೇ, ಹೊನ್ನಾವರಕ್ಕೆ ಹೋಗಬೇಡಿ ಅಂತ ಹೇಳುವುದಿಲ್ಲ. ಹೋಗಿ. ಆದರೆ ಕಾವಲಿನವರು ಇರುವ ಕಡೆಯೇ ಇಳಿಯಿರಿ. ನೀರಿಗೆ ಇಳಿಯುವ ಮೊದಲು ಹತ್ತು ನಿಮಿಷ ದಂಡೆಯ ಮೇಲೆ ಕೂತು ನೋಡಿ. ಎರಡು ಕಡೆ ಬಿಳಿ ನೊರೆ, ನಡುವೆ ಕಪ್ಪು ಪಟ್ಟಿ ಕಂಡರೆ ಅದು ನಿಮ್ಮ ಜಾಗವಲ್ಲ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ಈಜಬೇಡಿ. ತೇಲಿ, ಕೈ ಎತ್ತಿ ಕರೆಯಿರಿ, ಅಡ್ಡಕ್ಕೆ ಹೋಗಿ ನೊರೆ ಅಲೆ ಹಿಡಿಯಿರಿ. ಗೆಳೆಯ ಸಿಕ್ಕಿಬಿದ್ದರೆ ಹಿಂದೆ ಹಾರಬೇಡಿ. ತೇಲುವ ವಸ್ತು ಎಸೆಯಿರಿ, ಮುಚ್ಚಿದ ಖಾಲಿ ಕ್ಯಾನ್ ಆದರೂ ಸರಿ. 112ಕ್ಕೆ ಫೋನ್ ಮಾಡಿ. ದಂಡೆಯಲ್ಲಿ ಗಾಳ ಹಾಕುವವರು ಕಂಡರೆ ಒಂದು ಮಾತು ಕೇಳಿ, “ಅಣ್ಣಾ, ಎಲ್ಲಿ ಇಳಿಬಾರದು?” ಅಂತ. ಎಲ್ಲಿ ಎಸೆಯುತ್ತಾರೋ ಅಲ್ಲಿ ಇಳಿಯಬೇಡಿ.

ಆ ವಿಡಿಯೋ ಇನ್ನೂ ಮುಧೋಳದವನ ಮೊಬೈಲಿನಲ್ಲಿದೆ. ಎಲ್ಲಿಯೂ ಹಾಕಿಲ್ಲ. ಅವನ ಅವ್ವನಿಗೂ ತೋರಿಸಿಲ್ಲ. ಮೊನ್ನೆ ಲೋಕಾಪುರದ ಚಹಾ ಅಂಗಡಿಯಲ್ಲಿ ಕೂತು ಇಬ್ಬರೂ ಮತ್ತೆ ನೋಡಿದೆವು. ಅವನ ಬೆನ್ನ ಹಿಂದೆ ಆ ಕಪ್ಪು ಪಟ್ಟಿ ಈಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ನನ್ನ ನಗು ಬರುವ ಹೊತ್ತಿಗೆ ಅವನು ಸೌಂಡ್ ತೆಗೆದ. ಏನೂ ಅನ್ನಲಿಲ್ಲ. ಚಹಾದ ದುಡ್ಡು ಅವತ್ತು ಅವನೇ ಕೊಟ್ಟ.